ಲುವಾ ನಕ್ಕ ಅಂಚೆಚೀಟಿ

ಹನೋಯ್‌ನಲ್ಲಿ ಅಂಚೆಚೀಟಿಗಳಿಗೆ ಚಿತ್ರ ಬರೆಯುವ ಕಚೇರಿಯಲ್ಲಿ ಮಿಯೆನ್‌ಳಷ್ಟು ಗಟ್ಟಿ ಕೈಯ ಕಲಾವಿದೆ ಇನ್ನೊಬ್ಬಳಿರಲಿಲ್ಲ. ಅವಳಷ್ಟು ಗಟ್ಟಿ ಬಾಯಿಯವಳೂ ಇರಲಿಲ್ಲ. ಹೂವಾಗಲಿ, ಮೀನಾಗಲಿ, ಹಳೆಯ ಗುಡಿಯ ಮಾಡಾಗಲಿ, ಬೆರಳಗಲದ ಜಾಗದಲ್ಲಿ ಉಸಿರಾಡುವಂತೆ ಕೂರಿಸುತ್ತಿದ್ದಳು. ದಿಯೆನ್ ಬಿಯೆನ್ ಫೂ ಬೆಟ್ಟಗಳಲ್ಲಿ ಫ್ರೆಂಚರ ಮೇಲೆ ಸಾಧಿಸಿದ ಗೆಲುವಿಗೆ ಮೂವತ್ತು ವರ್ಷ ತುಂಬುತ್ತದೆ, ನಾಲ್ಕು ಚೀಟಿಗಳ ಸರಣಿ ತರಬೇಕು ಎಂದು ತೀರ್ಮಾನವಾದಾಗ ಉಳಿದ ಮೂವರು ಕಲಾವಿದರು ತೋಪು, ಬಾವುಟ, ಕಂದಕದಿಂದ ನುಗ್ಗುವ ಸೈನಿಕರು ಎಂದು ಹಂಚಿಕೊಂಡರು. ಮಿಯೆನ್ ಮಾತ್ರ ಹೊರೆದಂಡನ್ನು ಆರಿಸಿಕೊಂಡಳು. ಸೈನ್ಯದ ಹೊಟ್ಟೆಗೆ ಅಕ್ಕಿ, ತೋಪಿನ ಹೊಟ್ಟೆಗೆ ಗುಂಡು ಹೊತ್ತುಕೊಂಡು ಬೆಟ್ಟ ಹತ್ತಿದ ಊರ ಮಂದಿಯ ದಂಡು ಅದು.

ಕರಡು ಚಿತ್ರಗಳನ್ನು ನೋಡಲು ಸಮಿತಿ ಸೇರಿದ ದಿನ ಹೊರಗೆ ಸಣ್ಣ ಸೋನೆ ಹಿಡಿದಿತ್ತು. ಸಮಿತಿಯ ಹಿರಿಯರು ಲಾಮ್, ನಿವೃತ್ತ ಕರ್ನಲ್. ಮೂವತ್ತು ವರ್ಷದ ಹಿಂದೆ ಅದೇ ಬೆಟ್ಟದ ಮೇಲೆ ತೋಪು ಹಾರಿಸಿದವರು. ಆ ಸದ್ದಿಗೆ ಒಂದು ಕಿವಿ ಮಂದವಾಗಿತ್ತು. ಹಾಗಾಗಿ ಅವರ ಪಿಸುಮಾತೂ ಬೀದಿಗೆ ಕೇಳಿಸುತ್ತಿತ್ತು. ಕಚೇರಿಯ ಕಿರಿಯರೆಲ್ಲ ಅವರನ್ನು ದೊಡ್ಡಪ್ಪ ಎಂದೇ ಕರೆಯುತ್ತಿದ್ದರು. ಮೂರು ಚಿತ್ರಗಳಿಗೆ ತಲೆಯಾಡಿಸಿದವರು ಮಿಯೆನ್‌ಳ ಹಾಳೆಯ ಮುಂದೆ ಬಂದು ನಿಂತರು. ಹೆಗಲ ಮೇಲೆ ಅಡ್ಡೆ, ಅಡ್ಡೆಯ ಎರಡೂ ತುದಿಗೆ ಅಕ್ಕಿಯ ಬುಟ್ಟಿ. ಒಬ್ಬಳೇ ಹೆಂಗಸು, ಸೊಂಟದಿಂದ ಮೇಲಕ್ಕೆ, ಚೀಟಿಯ ತುಂಬ ಅವಳೇ.

"ತೋಪೆಲ್ಲಿ?" ಎಂದರು ಲಾಮ್.

"ತೋಪು ಪಕ್ಕದ ಚೀಟಿಯಲ್ಲಿದೆ, ದೊಡ್ಡಪ್ಪ."

"ಇದರಲ್ಲೂ ಒಂದಿರಲಿ. ಹಿಂದುಗಡೆ, ಸಣ್ಣದಾಗಿ. ಯುದ್ಧದ ಚೀಟಿ ಅಂತ ಗೊತ್ತಾಗ್ಬೇಕಲ್ಲ. ಹೀಗೇ ಬಿಟ್ರೆ ಸಂತೆಗೆ ಹೊರಟವಳ ಥರ ಕಾಣ್ತಾಳೆ."

"ಸಂತೆಗೆ ಹೋಗೋವ್ರು ನೆತ್ತಿ ಮೇಲೆ ವಿಮಾನ ಇಟ್ಕೊಂಡು ಹೋಗಲ್ಲ, ದೊಡ್ಡಪ್ಪ. ನೋಡಿ, ಮೋಡದ ಹತ್ರ." ಮಿಯೆನ್ ಪೆನ್ಸಿಲಿನ ತುದಿಯಿಂದ ತೋರಿಸಿದಳು. "ಬೆಟ್ಟದ ಮೇಲೆ ನೀವು ತೋಪಿನ ಪಕ್ಕ ಕೂತಿದ್ರಲ್ಲ, ಆಗ ಹೊಟ್ಟೆಗೇನು ತಿಂತಿದ್ರಿ?"

"ಅನ್ನ."

"ಅದು ತೋಪಿನ ಬಾಯಿಂದ ಬಂತಾ?"

ಕೋಣೆಯಲ್ಲಿದ್ದವರು ತಲೆ ತಗ್ಗಿಸಿ ನಕ್ಕರು. ಲಾಮ್ ನಗಲಿಲ್ಲ, ಆದರೆ ತೋಪಿನ ಮಾತನ್ನು ಮತ್ತೆ ಎತ್ತಲೂ ಇಲ್ಲ. ಕನ್ನಡಕ ಏರಿಸಿ ಚಿತ್ರಕ್ಕೆ ಮೂಗು ತಾಗುವಷ್ಟು ಬಾಗಿದರು.

"ಈ ಮುಖ ಎಲ್ಲೋ ನೋಡಿದೀನಲ್ಲ," ಎಂದರು. "ಮೂಲೆಯ ಚಹಾದಂಗಡಿ ನಡೆಸೋ ಆ ತಾವ್ ಅಲ್ವಾ ಇದು? ನಿನ್ನ ಅತ್ತೆ?"

ಅಲ್ಲವೆನ್ನುವಂತಿರಲಿಲ್ಲ. ಲಾಮ್ ದಿನಾ ಬೆಳಿಗ್ಗೆ ಆ ಅಂಗಡಿಯ ಬೆಂಚಿನಲ್ಲೇ ಕುಳಿತು ಬಿದಿರಿನ ಕೊಳವೆಯಲ್ಲಿ ಹೊಗೆಸೊಪ್ಪು ಎಳೆಯುತ್ತಿದ್ದವರು.

"ಅವರೂ ಹೊರೆದಂಡಲ್ಲಿ ಇದ್ದವರೇ, ದೊಡ್ಡಪ್ಪ. ವಯಸ್ಸು ಇಳಿಸಿ ಬರ್ದಿದೀನಿ."

"ವಯಸ್ಸಿನ ಮಾತಲ್ಲ. ಬದುಕಿರೋವ್ರ ಮುಖ ಈ ಸರಣೀಲಿ ಬೇಡ ಅಂತ ಮೊದಲೇ ಮಾತಾಗಿದೆ. ಇವತ್ತು ನಿನ್ನ ಅತ್ತೆಯನ್ನ ಹಾಕಿದ್ರೆ ನಾಳೆ ಊರಿನ ಅತ್ತೆಯರೆಲ್ಲ ನನ್ನ ಬಾಗಿಲಿಗೆ ಬರ್ತಾರೆ. ಮುಖ ಬದಲಾಯಿಸು. ಯಾರದೂ ಅಲ್ಲದ ಮುಖ ಒಂದು ಹಾಕು."

"ಯಾರದೂ ಅಲ್ಲದ ಮುಖಕ್ಕೆ ಭಾರ ಹೊತ್ತು ಗೊತ್ತಿರಲ್ಲ, ದೊಡ್ಡಪ್ಪ. ಬೇರೆ ಮುಖ ತರ್ತೀನಿ. ಯಾರದ್ದಾದರೂ ಆಗಿರತ್ತೆ," ಎಂದು ಮಿಯೆನ್ ಹಾಳೆ ಸುತ್ತಿಕೊಂಡಳು.

ಸಂಜೆ ಅಂಗಡಿಯ ಬಳಿ ಸೈಕಲ್ ನಿಲ್ಲಿಸಿ ನಡೆದದ್ದನ್ನು ಹೇಳಿದಳು. ತಾವ್ ಕೆಟಲಿಗೆ ಹೊದಿಸಿದ್ದ ಬಟ್ಟೆ ಸರಿಪಡಿಸುತ್ತ ಪೂರ್ತಿ ಕೇಳಿದರು.

"ನನ್ನನ್ನ ಒಂದು ಮಾತು ಕೇಳ್ದೆ ನನ್ನ ಮುಖ ಸರ್ಕಾರಕ್ಕೆ ಕೊಡೋಕೆ ಹೊರಟಿದ್ದೆಯಾ?"

"ಕೇಳಿದ್ರೆ ಬೇಡ ಅಂತಿದ್ರಿ, ಅತ್ತೆ."

"ಅಂತಿದ್ದೆ. ಒಳ್ಳೇದೇ ಆಯ್ತು ಬಿಡು. ಆಮೇಲೆ ಊರೋರೆಲ್ಲ ನನ್ನ ಬೆನ್ನಿಗೆ ಅಂಟು ಸವರೋದು, ಪೆಟ್ಟಿಗೆಗೆ ಹಾಕೋದು." ತಾವ್ ಶೇಂಗಾ ಚಿಕ್ಕಿಯ ಡಬ್ಬಿ ಮುಚ್ಚಿದರು. ಆಮೇಲೆ, "ಮುಖ ಬೇಕೇ ಬೇಕು ಅಂದ್ರೆ ಲುವಾಳದ್ದು ಬರಿ," ಎಂದರು.

ಮದುವೆಯಾಗಿ ಬಂದ ಇಷ್ಟು ವರ್ಷಗಳಲ್ಲಿ ಮಿಯೆನ್ ಆ ಹೆಸರು ಕೇಳಿರಲಿಲ್ಲ.

"ಯಾರು ಲುವಾ?"

"ಅಡ್ಡೆ ಸಾಲಲ್ಲಿ ನನ್ನ ಮುಂದೆ ನಡೀತಿದ್ದೋಳು. ಥಾನ್ ಹ್ವಾದಿಂದ ಕೋ ನೋಯ್ ಕವಲುದಾರಿವರೆಗೂ ನಾನು ನೋಡಿದ್ದು ದಾರೀನಲ್ಲ, ಅವಳ ಬೆನ್ನು. ಬೆಟ್ಟ ಹತ್ತುವಾಗ ನನಗೆ ಉಸಿರು ಕಟ್ಟಿದ್ರೆ ತಿರುಗಿ ಏನಾದ್ರೂ ಒಂದು ಹೇಳಿ ನಗಿಸ್ತಿದ್ಲು. ಕವಲಲ್ಲಿ ಬಾಂಬು ಬಿತ್ತು. ಮುಂದಿದ್ದೋಳು ಹೋದ್ಲು, ಹಿಂದಿದ್ದೋಳು ಉಳ್ಕೊಂಡೆ." ಅತ್ತೆ ಇಷ್ಟನ್ನು ಅಕ್ಕಿ ಆರಿಸುವಾಗ ಮಾತನಾಡುವಷ್ಟೇ ಸಲೀಸಾಗಿ ಹೇಳಿದರು. "ಅವಳ ಫೋಟೊ ಗೀಟೊ ಏನೂ ಇಲ್ಲ. ಆ ಕಾಲದಲ್ಲಿ ನಮ್ಮಂಥೋರ ಫೋಟೊ ಯಾರು ತೆಗೀತಿದ್ರು? ನಾನು ಹೇಳ್ತೀನಿ, ನೀನು ಬರಿ."

ಮಿಯೆನ್ ಅವತ್ತೇ ಬರೆಯಲು ಕೂತಳು. ಅತ್ತೆ ಹೇಳಿದಂತೆ ಬರೆದದ್ದು ಅತ್ತೆಗೇ ಒಪ್ಪಿಗೆಯಾಗಲಿಲ್ಲ. ಮರುದಿನ ರಜೆ. ತಾವ್ ಅಂಗಡಿ ಮುಚ್ಚಿ, ನದಿಯಾಚೆ ಮಗಳ ಮನೆಯಲ್ಲಿದ್ದ ವಾನ್‌ಳನ್ನು ಕರೆತಂದರು. ಅದೇ ಹೊರೆದಂಡಿನಲ್ಲಿ ಅಡುಗೆ ಮಾಡುತ್ತಿದ್ದವಳು ಈ ವಾನ್. ಈಗ ಕುಳ್ಳಗೆ, ದಪ್ಪಗೆ, ಬಾಯಲ್ಲಿ ಎಲೆಅಡಿಕೆ ಆರದ ಮುದುಕಿ. ಇದ್ದ ಒಂದೇ ಕೋಣೆಯಲ್ಲಿ ಚಾಪೆ ಹಾಸಿ ಮೂವರೂ ಕುಳಿತರು. ರೈಲ್ವೆಯಲ್ಲಿ ಕೆಲಸಕ್ಕಿದ್ದ ಮಿಯೆನ್‌ಳ ಗಂಡ ಬಾಗಿಲಲ್ಲಿ ಒಮ್ಮೆ ಇಣುಕಿ, ಒಳಗಿನ ಗದ್ದಲ ನೋಡಿ, ಹಾಗೇ ಹಿಂದಿರುಗಿ ಹೋದ.

"ಮೂಗು ಇಷ್ಟು ಉದ್ದ ಇರ್ಲಿಲ್ಲ," ಎಂದಳು ವಾನ್.

"ಇತ್ತು. ದಿನಾ ಅವಳ ಜೊತೆ ನಡೆದೋಳು ನಾನು."

"ನೀನು ನೋಡಿದ್ದು ಬೆನ್ನು ಅಂತ ನೀನೇ ಹೇಳ್ತೀಯ. ಬಟ್ಟಲು ಹಿಡ್ಕೊಂಡು ನನ್ನ ಒಲೆ ಮುಂದೆ ನಿಲ್ತಿದ್ದಾಗ ಮುಖ ನೋಡಿದ್ದು ನಾನು. ಮೂಗು ಮೊಂಡು."

"ನಿನ್ನ ಒಲೆ ಹೊಗೇಲಿ ನಿನಗೆ ನಿನ್ನ ಮೂಗೇ ಕಾಣ್ತಿರ್ಲಿಲ್ಲ."

"ಕಾಣ್ತಿರ್ಲಿಲ್ಲ ಸರಿ. ಅನ್ನ ಸೀದದ್ದು ಮಾತ್ರ ನಿಮಗೆಲ್ಲ ಚೆನ್ನಾಗಿ ಕಾಣ್ತಿತ್ತು, ಅಲ್ವಾ?"

ಮಿಯೆನ್ ಮೂಗನ್ನು ಒರೆಸಿ ಬರೆದಳು, ಮತ್ತೆ ಒರೆಸಿದಳು. ಕಣ್ಣಿನ ಬಗ್ಗೆ ಜಗಳವಾಯಿತು, ಗಲ್ಲದ ಬಗ್ಗೆಯೂ ಆಯಿತು. ಕಾಗದ ಸವೆದು ನಡುವೆ ತೂತಾಯಿತು. ಬೇರೆ ಹಾಳೆ ತೆಗೆದಳು. ಇಷ್ಟಾದ ಮೇಲೆ, "ನಗುವಾಗ ಹೇಗೆ ಕಾಣ್ತಿದ್ದಳು?" ಎಂದು ಕೇಳಿದಳು.

ಇಬ್ಬರು ಮುದುಕಿಯರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಟ್ಟಿಗೇ ನಗಲು ಶುರುಮಾಡಿದರು. ವಾನ್‌ಳ ಬಾಯಿಂದ ಎಲೆಯ ರಸ ಸೋರಿತು.

"ಅರ್ಧ ಕಪ್ಪು, ಅರ್ಧ ಬಿಳಿ," ಎಂದಳು ವಾನ್.

ಅದರ ಕತೆ ಹೀಗೆ. ಆ ಕಾಲಕ್ಕೆ ಹಲ್ಲಿಗೆ ಅರಗು ಹಚ್ಚಿ ಕಪ್ಪು ಮಾಡಿಸಿಕೊಳ್ಳುವ ಪದ್ಧತಿ ಹಳ್ಳಿಗಳಲ್ಲೂ ಮರೆಯಾಗುತ್ತ ಬಂದಿತ್ತು. ಆದರೆ ಲುವಾಳಿಗೆ ನಿಶ್ಚಯವಾಗಿದ್ದ ಗಂಡಿನ ಮನೆಯವರು ಹಳೇ ಕಾಲದವರು. ಕಪ್ಪು ಹಲ್ಲಿನ ಸೊಸೆಯೇ ಬೇಕೆಂದು ಹಟ ಹಿಡಿದರು. ಹಲ್ಲಿಗೆ ಲೇಪ ಕಟ್ಟಿ, ಅದು ಹಿಡಿಯುವವರೆಗೂ ಏನೂ ಅಗಿಯದೆ ಬರೀ ಗಂಜಿ ನುಂಗುತ್ತ ಕೂರಬೇಕು. ಅಷ್ಟರಲ್ಲಿ ಹೊರೆದಂಡಿಗೆ ಜನ ಬೇಕೆಂದು ಊರಲ್ಲಿ ಸಾರಿದರು. ಲುವಾ ಲೇಪದ ಬಾಯಲ್ಲೇ ಮನೆಯಿಂದ ಓಡಿಬಂದು ಹೆಸರು ಬರೆಸಿದಳು. ದಾರಿಯಲ್ಲಿ ಹಸಿವಾಯಿತೆಂದು ಕಬ್ಬು ಅಗಿದಳು. ಅಗಿದ ಕಡೆಯ ಲೇಪ ಕಿತ್ತುಬಂತು, ಇನ್ನೊಂದು ಕಡೆಯದು ಹಿಡಿಯಿತು.

"ನಗಬೇಡ್ವೇ, ನಕ್ರೆ ಅಸಹ್ಯವಾಗಿ ಕಾಣ್ತೀಯ ಅಂತಿದ್ವಿ," ಎಂದರು ತಾವ್. "ಅದಕ್ಕೇ ಇನ್ನೂ ನಗ್ತಿದ್ಲು. ಗಂಡಿನ ಮನೆಯವ್ರಿಗೆ ಅರ್ಧ ಸೊಸೆ ಸಾಕು, ಉಳಿದರ್ಧ ನನಗಿರ್ಲಿ ಅಂತ."

ಮಿಯೆನ್ ಆ ನಗುವನ್ನು ಬರೆದಳು. ಬಾಯಿ ತೆರೆದು, ಗಲ್ಲ ಎತ್ತಿ, ಎಡಗಡೆಯ ಹಲ್ಲು ಕಪ್ಪಾಗಿ, ಬಲಗಡೆಯದು ಬಿಳಿಯಾಗಿ. ನಗು ಕೂತ ಮೇಲೆ ಮೂಗು ಉದ್ದವೋ ಮೊಂಡೋ ಎಂದು ಯಾರೂ ಕೇಳಲಿಲ್ಲ. ವಾನ್ ಹಾಳೆಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ನೋಡಿದಳು, ನೋಡುತ್ತಲೇ ಇದ್ದಳು. "ಬಂದ್ಯೇನೇ," ಎಂದು ಹಾಳೆಯನ್ನೇ ಮಾತನಾಡಿಸಿದಳು. ತಾವ್ ಎದ್ದು ಒಲೆಯ ಕಡೆ ಹೋಗಿ, ಯಾರೂ ಕೇಳದಿದ್ದರೂ ಚಹಾಕ್ಕೆ ನೀರಿಟ್ಟರು.

ಸಮಿತಿಯಲ್ಲಿ ಲಾಮ್ ಚಿತ್ರವನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

"ಹಲ್ಲಿಗೆ ಏನಾಗಿದೆ?"

ಮಿಯೆನ್ ಹೇಳಿದಳು.

"ಕತೆ ಚೆನ್ನಾಗಿದೆ. ಆದ್ರೆ ಚೀಟಿ ಮೇಲೆ ಕತೆ ಬರಿಯೋಕೆ ಜಾಗ ಎಲ್ಲಿದೆ? ಮಸಿ ಚೆಲ್ಲಿದೆ, ಅಚ್ಚು ಕೆಟ್ಟಿದೆ ಅಂತಾರೆ ಜನ. ಕಚೇರಿ ಮರ್ಯಾದೆ ಹೋಗತ್ತೆ. ಬಾಯಿ ಮುಚ್ಚಿಸು."

"ಮುಚ್ಚಲ್ಲ, ದೊಡ್ಡಪ್ಪ. ನೀವು ಹೇಳಿದ್ದಕ್ಕೆ ಅತ್ತೆಯನ್ನ ತೆಗೆದೆ. ಇವಳು ಬದುಕಿಲ್ಲ. ಕೋ ನೋಯ್‌ನಲ್ಲಿ ಅಕ್ಕಿ ಬುಟ್ಟಿ ಪಕ್ಕ ಬಿದ್ದೋಳು. ನಿಮ್ಮ ಕಟ್ಟಳೆಗೆ ಸರಿಯಾಗಿದಾಳೆ. ಅಚ್ಚು ಕೆಟ್ಟಿದೆ ಅಂದ್ಕೊಂಡೋರು ಇನ್ನೊಂದು ಸಲ ನೋಡ್ತಾರೆ. ತೋಪಿನ ಚೀಟಿಯನ್ನ ಯಾರಾದ್ರೂ ಎರಡು ಸಲ ನೋಡ್ತಾರಾ, ನೀವೇ ಹೇಳಿ."

ತೋಪು ಬರೆದಿದ್ದ ಕಲಾವಿದ ಕೆಮ್ಮಿದ. ಲಾಮ್ ಹಾಳೆಯನ್ನು ಮೇಜಿನ ಮೇಲಿಟ್ಟರು.

"ಕೋ ನೋಯ್ ಅಂದ್ಯಲ್ಲ, ಯಾವಾಗ?"

"ಮೊದಲನೇ ದಾಳಿ ಆದ ಮೇಲೆ. ಅತ್ತೆಗೆ ತಾರೀಕು ನೆನಪಿಲ್ಲ."

"ಆಮೇಲೆ ನಮಗೆ ಸ್ವಲ್ಪ ಕಾಲ ಗಂಜೀನೇ ಬರ್ತಿತ್ತು," ಎಂದರು ಲಾಮ್. ಮೊದಲ ಬಾರಿಗೆ ಅವರ ದನಿ ಕೋಣೆಯೊಳಗೇ ಉಳಿಯುವಷ್ಟು ಸಣ್ಣದಾಗಿತ್ತು. "ಯಾಕೆ ಅಂತ ಆಗ ಕೇಳ್ಲಿಲ್ಲ. ಬೈದ್ವಿ." ಪೆನ್ನು ತೆಗೆದು ಹಾಳೆಯ ಹಿಂಬದಿಗೆ ಸಹಿ ಹಾಕಿದರು. "ದೂರು ಬಂದ್ರೆ ಉತ್ತರ ನೀನೇ ಕೊಡ್ಬೇಕು."

"ಕೊಡ್ತೀನಿ," ಎಂದಳು ಮಿಯೆನ್.

ಮುದ್ರಣಾಲಯದಿಂದ ಮಾದರಿ ಅಚ್ಚು ಬಂದಾಗ ಆಕಾಶ ತಿಳಿಯಾಗಿತ್ತು, ಬುಟ್ಟಿಯ ಹೆಣಿಗೆ ಎಳೆಎಳೆಯಾಗಿ ಮೂಡಿತ್ತು. ಲುವಾಳ ಹಲ್ಲು ಮಾತ್ರ ಈ ಕಡೆಯಿಂದ ಆ ಕಡೆಯವರೆಗೆ ಬೆಳ್ಳಗೆ ಹೊಳೆಯುತ್ತಿತ್ತು. ಮಿಯೆನ್ ಅಚ್ಚನ್ನು ಚೀಲಕ್ಕೆ ತುರುಕಿ ಸೈಕಲ್ ಏರಿದಳು. ಮುದ್ರಣಾಲಯದಲ್ಲಿ ಚಿತ್ರ ತಿದ್ದುವ ನಡುವಯಸ್ಸಿನ ಮನುಷ್ಯ ಅವಳನ್ನು ಕಂಡದ್ದೇ ಹಿಗ್ಗಿದ.

"ನಿಮ್ಮ ಹಾಳೆ ಮೇಲೆ ಮಸಿ ಬಿದ್ದಿತ್ತು ಅಕ್ಕ. ಎಷ್ಟು ಚೊಕ್ಕವಾಗಿ ತೆಗೆದಿದೀನಿ ನೋಡಿದ್ರಾ?"

"ನೋಡಿದೆ. ಭಾರೀ ಚೊಕ್ಕ. ಹಲ್ಲಿನ ಡಾಕ್ಟರ ಕೈಲೂ ಆಗಲ್ಲ. ಈಗ ಅದನ್ನ ಮತ್ತೆ ಕಪ್ಪು ಮಾಡ್ಬೇಕು."

ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಂಬಲಿಲ್ಲ. ಮೇಲ್ವಿಚಾರಕ ಬಂದು, ಅಚ್ಚಿನ ತಗಡು ತಯಾರಾಗಿ ಹೋಗಿದೆ, ಮತ್ತೆ ಮಾಡುವುದೆಂದರೆ ಆಟವಲ್ಲ, ಹಬ್ಬದ ದಿನ ಹತ್ತಿರ ಬಂತು, ಹಲ್ಲು ಯಾರು ನೋಡುತ್ತಾರೆ ಎಂದು ರಾಗ ಎಳೆದ. ಮಿಯೆನ್ ಚಿತ್ರದ ಹಿಂಬದಿ ತಿರುಗಿಸಿ ಕರ್ನಲ್ ಸಹಿಯನ್ನು ತೋರಿಸಿದಳು.

"ಹಲ್ಲು ಬೆಳ್ಳಗಾದ ಹುಡುಗಿ ಬೇರೆ ಯಾರೋ, ಅಣ್ಣ. ಅವಳು ನನಗೂ ಗೊತ್ತಿಲ್ಲ, ಸಹಿ ಹಾಕಿದ ಇವ್ರಿಗೂ ಗೊತ್ತಿಲ್ಲ. ಬೇಕಿದ್ರೆ ಕರ್ನಲ್‌ಗೆ ಫೋನ್ ಮಾಡಿ. ಜೋರಾಗಿ ಮಾತಾಡ್ಬೇಕು, ಕಿವಿ ಮಂದ. ಅವರು ಕೊಡೋ ಉತ್ತರ ಮಾತ್ರ ಫೋನ್ ಇಲ್ದೇನೂ ಇಲ್ಲಿಗೆ ಕೇಳಿಸತ್ತೆ."

ಫೋನ್ ಯಾರೂ ಮಾಡಲಿಲ್ಲ. ಮಿಯೆನ್ ಸ್ಟೂಲೊಂದನ್ನು ಎಳೆದುಕೊಂಡು ತಿದ್ದುವವನ ಪಕ್ಕ ಕೂತಳು. ಕಪ್ಪು ಹಲ್ಲು ಕಪ್ಪಾಗಿಯೇ ಮೂಡುವವರೆಗೂ ಎದ್ದೇಳಲಿಲ್ಲ. ನಡುವೆ ಅವನೇ ತನ್ನ ಡಬ್ಬಿಯಿಂದ ಅನ್ನ, ಹುರಿದ ಸೋಯಾ ಪನೀರು ಹಂಚಿಕೊಟ್ಟ. ತನ್ನ ಅಜ್ಜಿಗೂ ಅಂಥ ಹಲ್ಲಿತ್ತು ಎಂದು ತಿನ್ನುತ್ತ ನೆನಪು ಮಾಡಿಕೊಂಡ.

ಮೇ ತಿಂಗಳ ಗೆಲುವಿನ ದಿನ ಚೀಟಿಗಳು ಹೊರಬಂದವು. ಕೆಂಪು ಬಾವುಟಗಳು, ಬೀದಿಯ ಧ್ವನಿವರ್ಧಕಗಳಲ್ಲಿ ಹಾಡು, ಅಂಚೆಕಚೇರಿಯ ಮುಂದೆ ಸಾಲು. ಚೀಟಿಗಳಿಗೆ ಬೆನ್ನಿನ ಅಂಟು ಇರಲಿಲ್ಲ. ಕಿಟಕಿಯ ಪಕ್ಕದ ಅಂಟಿನ ಬಟ್ಟಲಿಗೆ ಎಲ್ಲರೂ ಬೆರಳದ್ದುತ್ತಿದ್ದರು. ತಾವ್ ಮತ್ತು ವಾನ್ ಸಾಲಿನಲ್ಲಿ ನಿಂತು ಲುವಾಳನ್ನು ಕೊಂಡರು. ಯಾರಿಗೂ ಕಾಗದ ಬರೆಯುವುದಿರಲಿಲ್ಲ, ಸುಮ್ಮನೆ ಕೊಂಡರು.

ಲಾಮ್ ಹೇಳಿದ್ದಂತೆಯೇ ದೂರುಗಳು ಬಂದವು. ಅಚ್ಚಿನ ದೋಷ ಎಂದು ಹಲವರು ಬರೆದರು. ಚೀಟಿ ಸಂಗ್ರಹಿಸುವ ಒಬ್ಬ ಮೇಷ್ಟ್ರು ಕಚೇರಿಗೇ ಬಂದು, ದೋಷವಿಲ್ಲದ ಪ್ರತಿ ಇದ್ದರೆ ಕೊಡಿ, ಎರಡನ್ನೂ ಜೋಡಿಸಿ ಇಡುತ್ತೇನೆ ಎಂದರು. ಮಿಯೆನ್ ಪ್ರತಿಯೊಬ್ಬರಿಗೂ ಉತ್ತರ ಬರೆದಳು: ಇದು ದೋಷವಲ್ಲ, ಹುಡುಗಿ ಇದ್ದದ್ದೇ ಹೀಗೆ. ಮೇಷ್ಟ್ರಿಗೆ ಕಬ್ಬಿನ ಕತೆಯನ್ನೂ ಹೇಳಿದಳು. ಅವರು ಹೋಗುವಾಗ ಅದೇ ಚೀಟಿಯ ಇನ್ನೊಂದು ಹಾಳೆ ಕೊಂಡರು. ಲಾಮ್ ದೂರಿನ ಕಾಗದಗಳನ್ನು ತಾವೇ ಅವಳ ಮೇಜಿಗೆ ತಂದುಕೊಡುತ್ತ, "ತೋಪಿನ ಚೀಟಿಗೆ ಒಂದಾದ್ರೂ ಬರಬಾರದಾ?" ಎಂದು ಗೊಣಗುತ್ತಿದ್ದರು.

ಬೇಸಿಗೆಯ ನಡುವೆ ಒಂದು ಮಧ್ಯಾಹ್ನ ಹಳ್ಳಿಯ ಕಂದುಬಟ್ಟೆ ಉಟ್ಟ, ನೆಟ್ಟಗಿನ ಬೆನ್ನಿನ ಮುದುಕಿಯೊಬ್ಬಳು ಕಚೇರಿಯ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಲಕೋಟೆ. ಹಾಯ್ ಫೋಂಗ್ ಬಂದರಿನಲ್ಲಿ ದುಡಿಯುತ್ತಿದ್ದ ಮಗ ಮನೆಗೆ ಬರೆದ ಕಾಗದದ್ದು. ಮೂಲೆಯಲ್ಲಿ ಲುವಾ, ಅವಳ ಹೆಗಲಿನ ಮೇಲೆ ಮೊಹರು.

"ಇದನ್ನ ಬರೆದೋರು ಯಾರು?"

"ನಾನೇ, ಅಮ್ಮ. ಯಾಕೆ?"

"ನಾನು ಗಾಮ್. ಇವಳ ಅಕ್ಕ." ಅವಳು ಲಕೋಟೆಯನ್ನು ಮೇಜಿನ ಮೇಲಿಟ್ಟಳು. ಮಾತನಾಡುವಾಗ ಅವಳ ಹಲ್ಲು ಮಾಗಿದ ನೇರಳೆಯಂತೆ ಒಂದೇ ಸಮ ಕಪ್ಪಗೆ ಹೊಳೆಯಿತು. "ಆ ಹಲ್ಲಿಗೆ ಲೇಪ ಹಚ್ಚಿದೋಳು ನಾನು. ಸುತ್ತಮುತ್ತಲ ಊರಿಗೆಲ್ಲ ನಾನೇ ಹಚ್ತಿದ್ದದ್ದು. ಒಂದು ಹಲ್ಲೂ ಕೆಟ್ಟಿಲ್ಲ. ಬಾಯಿ ಮುಚ್ಕೊಂಡು ಕೂತ್ಕೋ ಅಂದ್ರೆ ಕೇಳ್ಲಿಲ್ಲ, ಬೆಳಗಾಗೋದ್ರೊಳಗೆ ಓಡಿಹೋದ್ಲು. ಈಗ ದೇಶಕ್ಕೆಲ್ಲ ತೋರಿಸ್ತಿದಾಳೆ, ಗಾಮ್ ಹಚ್ಚಿದ್ದು ಅರ್ಧಕ್ಕೇ ಕಿತ್ತುಬಂತು ಅಂತ. ನನ್ನ ಹೆಸರೇನಾಗಬೇಕು?"

ಮಿಯೆನ್ ಎದ್ದು ಆ ಮುದುಕಿಯ ಕೈ ಹಿಡಿದು, "ಬನ್ನಿ ಅಮ್ಮ, ನಿಮ್ಮನ್ನ ನೋಡ್ಬೇಕಾದವ್ರು ಒಬ್ರಿದಾರೆ," ಎಂದು ಮೂಲೆಯ ಚಹಾದಂಗಡಿಗೆ ಕರೆದೊಯ್ದಳು.

"ಲುವಾಳ ಅಕ್ಕ," ಎಂದದ್ದಷ್ಟೇ. ತಾವ್ ಕೈಯಲ್ಲಿದ್ದ ಲೋಟವನ್ನು ನೆಲಕ್ಕಿಟ್ಟು ಎದ್ದರು. "ನನ್ನಕ್ಕ ಬೆನ್ನಟ್ಟಿಕೊಂಡು ಬರ್ತಾಳೆ, ಬೇಗ ನಡೀ ಅಂತಿದ್ಲು ದಾರೀಲಿ," ಎಂದರು. "ಇಷ್ಟು ತಡವಾಯ್ತಾ ಅಕ್ಕ?"

ಗಾಮ್ ಬೆಂಚಿನ ಮೇಲೆ ಕೂತಳು. ತಂಗಿ ಎಲ್ಲಿ ಬಿದ್ದಳು, ಯಾರು ಮಣ್ಣು ಮಾಡಿದರು, ಅಲ್ಲಿ ಮರ ಗಿಡ ಏನಾದರೂ ಇತ್ತೇ ಎಂದು ಕೇಳಿದಳು. ಸತ್ತಳೆಂಬ ಕಾಗದವೊಂದು ಊರಿಗೆ ಬಂದಿತ್ತು, ಅದರಲ್ಲಿ ಇದ್ಯಾವುದೂ ಇರಲಿಲ್ಲ. ತಾವ್ ತಮಗೆ ತಿಳಿದಷ್ಟನ್ನೂ ಬಚ್ಚಿಡದೆ ಹೇಳಿದರು. ಗಾಮ್ ಕಣ್ಣೊರೆಸಿಕೊಂಡು ಚಹಾ ಕುಡಿದಳು, ಮತ್ತೊಂದು ಲೋಟ ಕೇಳಿ ಕುಡಿದಳು. ಆಮೇಲೆ ಮಿಯೆನ್ ಕಡೆ ತಿರುಗಿದಳು.

"ಮನೇಲಿ ಸತ್ತ ಹಿರಿಯರನ್ನ ಪೂಜಿಸೋ ಪೀಠದ ಮೇಲೆ ಅಪ್ಪ ಅಮ್ಮನ ಚಿತ್ರ ಇದೆ. ಇವಳದು ಖಾಲಿ ಜಾಗ. ದೊಡ್ಡದಾಗಿ ಒಂದು ಬರ್ಕೊಡ್ತೀಯಾ?"

"ಈಗ್ಲೇ ಬರ್ಕೊಡ್ತೀನಿ, ಅಮ್ಮ." ಮಿಯೆನ್ ಚೀಲದಿಂದ ಹಾಳೆ ತೆಗೆದಳು.

"ಬಾಯಿ ಮುಚ್ಚಿರ್ಲಿ."

"ಮುಚ್ಚಿದ್ರೆ ಅದು ಲುವಾ ಹೇಗಾಗ್ತಾಳೆ?" ಎಂದರು ತಾವ್.

"ನೀವು ಅವಳನ್ನ ನೋಡಿದ್ದು ಒಂದು ದಾರಿಯಷ್ಟು. ನಾನು ತೊಟ್ಟಿಲಿಂದ ನೋಡಿದೀನಿ. ದೇಶದ ಮುಂದೆ ಬೇಕಾದಷ್ಟು ನಗ್ಲಿ, ಬೇಡ ಅನ್ನಲ್ಲ. ಮನೆಗೆ ಬಂದ ಮೇಲೆ ಸ್ವಲ್ಪ ಸುಮ್ಮನಿರ್ಲಿ."

ತಾವ್ ಮಿಯೆನ್‌ಳನ್ನು ನೋಡಿದರು. ಸಮಿತಿಯ ಮುಂದೆ ಬಾಯಿ ಮುಚ್ಚಿಸಲೊಪ್ಪದ ಸೊಸೆ ಈಗೇನು ಹೇಳುತ್ತಾಳೋ ಎಂದು. ಮಿಯೆನ್ ಬೆಂಚಿನ ಮೇಲೆ ಕಾಲು ಮಡಿಸಿ ಕೂತು, ಗಾಮ್‌ಳ ಗಲ್ಲವನ್ನೂ ಹಣೆಯನ್ನೂ ಚೆನ್ನಾಗಿ ನೋಡಿಕೊಂಡು ಬರೆಯತೊಡಗಿದಳು. ಮೂಗಿನ ಬಳಿ ಬಂದಾಗ ಗಾಮ್ ಬೆರಳಿಟ್ಟು, "ಇಲ್ಲಿ ಸ್ವಲ್ಪ ಚಪ್ಪಟೆ," ಎಂದಳು. "ವಾನ್ ಹೇಳಿದ್ದೇ ಸರಿ ಹಾಗಾದ್ರೆ," ಎಂದು ತಾವ್ ಮುಖ ಸಪ್ಪೆ ಮಾಡಿಕೊಂಡರು. "ಅವಳಿಗೆ ಇದನ್ನ ಹೇಳಕೂಡದು."

ಮುಚ್ಚಿದ ತುಟಿಯ ಲುವಾ ನಿಧಾನವಾಗಿ ಹಾಳೆಯ ಮೇಲೆ ಬಂದಳು. ಗಾಮ್ ಅದನ್ನು ಸುರುಳಿ ಸುತ್ತಿ, ಕಂದುಬಟ್ಟೆಯ ತುಂಡಿನಲ್ಲಿ ಕಟ್ಟಿ, ಸಂಜೆಯ ಬಸ್ಸಿಗೆ ಹೊರಟಳು. ಬಸ್ಸಿನವರೆಗೆ ಬಿಟ್ಟುಬರುತ್ತೇನೆಂದು ತಾವ್ ಅಂಗಡಿಯನ್ನು ಸೊಸೆಗೆ ಒಪ್ಪಿಸಿ ಜೊತೆಗೆ ನಡೆದರು. ಗಾಮ್ ಬೀಸು ಹೆಜ್ಜೆಯಲ್ಲಿ ಮುಂದೆ, ತಾವ್ ಏದುಸಿರು ಬಿಡುತ್ತ ಅವಳ ಹಿಂದೆ.

ಮಿಯೆನ್ ಕೆಟಲಿನ ಬಟ್ಟೆ ಎತ್ತಿ ನೀರು ಬಿಸಿಯಿದೆಯೇ ಎಂದು ನೋಡಿದಳು. ಅಷ್ಟರಲ್ಲಿ ಲಾಮ್ ಬಂದು ಬೆಂಚಿನ ಮೇಲೆ ಕೂತರು.

"ಮುಂದಿನ ವರ್ಷ ನೌಕಾಪಡೆ ಸರಣಿ ಬರತ್ತೆ," ಎಂದರು. "ನಿನಗೆ ಹಡಗು ಕೊಡೋಣ ಅಂತಿದಾರೆ."

"ಹಡಗು ಬೇರೆಯವ್ರು ಬರೀಲಿ, ದೊಡ್ಡಪ್ಪ," ಎಂದು ಮಿಯೆನ್ ಅವರ ಮುಂದೆ ಚಹಾ ಇಟ್ಟಳು. "ಅದರೊಳಗೆ ಇದ್ದೋರು ಯಾರು ಅಂತ ಹೇಳಿ."